ಡೆಂಗಿ ಜ್ವರ ಇಳಿದ ಮೇಲೂ ತಂಗಿಯನ್ನು ಮನೆಗೆ ಯಾಕೆ ಬಿಡುತ್ತಿಲ್ಲ?

ತಂಗಿಗೆ 103 ಜ್ವರ ಬಂತು, ಡೆಂಗಿ ಅಂದರು, ಮೊದಲೆಲ್ಲ ಬರೀ ಪ್ಯಾರಾಸಿಟಮಾಲ್ ಕೊಟ್ಟರು, ಈಗ ಜ್ವರ ಇಳಿದ ಮೇಲೆ ತಾಸಿಗೊಮ್ಮೆ ಬಿಪಿ ನೋಡುತ್ತಾರೆ, ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ, ಇದು ಬಿಲ್ ಏರಿಸುವ ಆಟವಾ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲೇ ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಬಿಲ್ಲಿನ ವಿಷಯ ನನಗೆ ಗೊತ್ತಿಲ್ಲ. ಆದರೆ ಡೆಂಗಿಯಲ್ಲಿ ನಾವು ಜಾಸ್ತಿ ಹೆದರುವುದು ಜ್ವರ ಇಳಿಯುವ ಹೊತ್ತಿಗೇ.

ಜ್ವರ ಏರಿದ್ದಾಗ ಮಾಡುವುದು ಕಮ್ಮಿ. ದೊಡ್ಡವರಿಗೆ 650ರ ಪ್ಯಾರಾಸಿಟಮಾಲ್, ಆರು ತಾಸು ಅಂತರದಲ್ಲಿ. ಉಗುರುಬೆಚ್ಚಗಿನ ನೀರಿನ ಬಟ್ಟೆ. ಕುಡಿಯಲಿಕ್ಕೆ ಓಆರ್‌ಎಸ್, ಎಳನೀರು, ಗಂಜಿ. "ಒಂದು ಸೂಜಿ ಮಾಡ್ರಿ ಸಿಸ್ಟರ್, ಲಗೂನ ಇಳೀಲಿ" ಅಂತ ಮನೆಯವರು ಬೆನ್ನು ಹತ್ತುತ್ತಾರೆ. ಡೆಂಗಿ ವೈರಸ್, ಅದಕ್ಕೆ ಆಂಟಿಬಯಾಟಿಕ್ ತಾಗುವುದಿಲ್ಲ. ಪ್ಲೇಟ್‌ಲೆಟ್ ಕಮ್ಮಿ ಇರುವವರ ಸೊಂಟಕ್ಕೆ ಸೂಜಿ ಚುಚ್ಚಿದರೆ ಅಲ್ಲೇ ಒಳಗೆ ರಕ್ತ ಸೋರಿ ಹೆಪ್ಪುಗಟ್ಟಿ ಊದಿಕೊಳ್ಳಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೂಡ ಬೇಡ, ರಕ್ತಸ್ರಾವ ಜಾಸ್ತಿಯಾಗುತ್ತದೆ.

ಅಸಲು ಕೆಲಸ ಆಮೇಲೆ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಕೆಲವರಿಗೆ ಅದೇ ಹೊತ್ತಿಗೆ ರಕ್ತನಾಳದಿಂದ ನೀರಿನಂಶ ಸೋರಿ ಹೊಟ್ಟೆಗೆ, ಎದೆಗೆ ಇಳಿಯುತ್ತದೆ. ಇದು 24ರಿಂದ 48 ತಾಸು ನಡೆಯುತ್ತದೆ. ಹಾಸಿಗೆಯಲ್ಲಿ ಕೂತು ಮಾತಾಡುತ್ತಿದ್ದವರೇ ಸ್ವಲ್ಪ ಹೊತ್ತಿನಲ್ಲಿ ರಕ್ತ ಸಂಚಾರ ಕುಸಿದು ಶಾಕ್‌ಗೆ ಹೋಗಬಹುದು. ಬಿಪಿಯಲ್ಲಿ ನಿಮ್ಮ ಕಣ್ಣು ಮೇಲಿನ ಅಂಕಿಯ ಮೇಲಿರುತ್ತದೆ. ನಮ್ಮ ಕಣ್ಣು ಮೇಲಿನ, ಕೆಳಗಿನ ಅಂಕಿಗಳ ನಡುವಿನ ಅಂತರದ ಮೇಲೆ, ಅದು ಕುಗ್ಗಿದರೆ ಶಾಕ್‌ನ ಸುಳಿವು. 110/70 ಇದ್ದರೆ ಸಮಾಧಾನ. ಅದೇ 100/85 ಆಯಿತೆಂದರೆ ಓಡಿ ಹೋಗಿ ಡಾಕ್ಟರನ್ನು ಕರೆಯುತ್ತೇವೆ, ಮೇಲಿನ 100 ನೋಡಿ ಮನೆಯವರು ನಿಶ್ಚಿಂತೆಯಿಂದ ಕೂತಿದ್ದರೂ! ಕೈಕಾಲು ತಣ್ಣಗಾಗಿದೆಯಾ, ನಾಡಿ ಓಡುತ್ತಿದೆಯಾ, ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯಾ, ಮೂತ್ರ ಎಷ್ಟು ಹೋಯಿತು, ಎಲ್ಲ ಚಾರ್ಟಿಗೆ ಬರೆಯುತ್ತೇವೆ.

ರಕ್ತ ಪದೇ ಪದೇ ತೆಗೆಯುವುದು ಪ್ಲೇಟ್‌ಲೆಟ್‌ಗೆ ಮಾತ್ರ ಅಲ್ಲ. ಊರಿಂದ ಫೋನ್ ಮಾಡಿದವರೆಲ್ಲ ಪ್ಲೇಟ್‌ಲೆಟ್ ಎಷ್ಟು ಅಂತಲೇ ಕೇಳುತ್ತಾರೆ, ಪಪ್ಪಾಯಿ ಎಲೆ ರಸವನ್ನೂ ಕಳಿಸುತ್ತಾರೆ (ವಾಂತಿ ಇರುವವರಿಗೆ ಅದನ್ನು ಕುಡಿಸುವುದೇ ಒಂದು ಶಿಕ್ಷೆ). ನಾವು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ನೋಡುತ್ತೇವೆ. ನೀರು ಸೋರಿದರೆ ರಕ್ತ ದಪ್ಪಗಾಗಿ ಪಿಸಿವಿ ಏರುತ್ತದೆ. ಸಲೈನ್ ಎಷ್ಟು ಓಡಿಸಬೇಕು ಅನ್ನುವುದಕ್ಕೆ ಡಾಕ್ಟರಿಗೆ ಅದು ಬೇಕೇಬೇಕು. ಸಲೈನ್ ಜಾಸ್ತಿ ಹಚ್ಚಿದರೂ ಕಷ್ಟ. ಸೋರಿದ ನೀರು ರಕ್ತಕ್ಕೆ ವಾಪಸ್ ಬರುವಾಗ ಅದೂ ಸೇರಿ ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಅದಕ್ಕೇ ಚೇತರಿಸುತ್ತಿದ್ದ ಹಾಗೆ ಸಲೈನ್ ತೆಗೆದುಬಿಡುತ್ತೇವೆ. ಅದಕ್ಕೂ ಮನೆಯವರ ತಕರಾರು ಇದ್ದದ್ದೇ.

ಮನೆಯಲ್ಲಿ ನೀರು ತುಂಬಿಟ್ಟ ಬ್ಯಾರಲ್‌ಗಳನ್ನೂ ಒಮ್ಮೆ ನೋಡಿ. ನಮ್ಮ ಊರಿನಲ್ಲಿ ನಲ್ಲಿ ನೀರು ದಿನಾ ಬರದ ಓಣಿಗಳೇ ಬಹಳ, ತುಂಬಿಡದೆ ವಿಧಿಯಿಲ್ಲ. ಆ ತಿಳಿ ನೀರಿನಲ್ಲೇ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೆ ಉಜ್ಜಿ, ಮುಚ್ಚಿಡಿ.

ಮಾತ್ರೆ ಇಲ್ಲದೆ ಕನಿಷ್ಠ ಒಂದು ದಿನವಾದರೂ ಜ್ವರ ಬರಬಾರದು, ಊಟ ಸೇರಬೇಕು, ಮೂತ್ರ ಸರಿಯಾಗಿ ಹೋಗಬೇಕು, ಪ್ಲೇಟ್‌ಲೆಟ್ 50,000 ದಾಟಿ ಏರುತ್ತಿರಬೇಕು. ಆಗ ಬಿಡುತ್ತಾರೆ. ಇವತ್ತು ರೌಂಡ್ಸಿಗೆ ಡಾಕ್ಟರ್ ಬಂದಾಗ ಪಿಸಿವಿ ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಿದೆ ಅಂತ ಕೇಳಿ. ಅಷ್ಟರಲ್ಲಿ ತಂಗಿಗೆ ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ರಕ್ತ ಕಂಡರೆ, ಮಂಕಾಗಿ ಸುಮ್ನೆ ಮಲಗಿಬಿಟ್ಟರೆ ಮುಂದಿನ ಬಿಪಿ ತನಕ ಕಾಯಬೇಡಿ. ತಕ್ಷಣ ಡ್ಯೂಟಿ ಸಿಸ್ಟರನ್ನು ಕರೆಯಿರಿ.