ಸದಾಶಿವಗಡದ ಹಳೆಯ ದಾಖಲೆಗಳನ್ನು ಹುಡುಕುವ ಬಗೆ

ಊರಿನ ಸ್ಮರಣ ಸಂಚಿಕೆಗಾಗಿ ಬೆಂಗಳೂರಿನ ಪತ್ರಾಗಾರದಲ್ಲಿ ಹುಡುಕಿದರೂ ಕಾರವಾರದ ಬಳಿಯ ಸದಾಶಿವಗಡದ ಹಳೆಯ ದಾಖಲೆಗಳು ಸಿಗಲಿಲ್ಲ ಎಂದಿದ್ದೀರಿ. ಅದಕ್ಕೆ ಬಹುಶಃ ಎರಡು ಕಾರಣಗಳಿವೆ: ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಮತ್ತು ಹಳೆಯ ಕಾಗದಗಳಲ್ಲಿ ಈ ಊರು ಹೆಚ್ಚಾಗಿ ಚಿತ್ತಾಕುಲ ಎಂಬ ಹೆಸರಿನಲ್ಲಿದೆ.

ಮೊದಲು 1883ರ ಮುಂಬಯಿ ಪ್ರಾಂತ್ಯದ ಗೆಜೆಟಿಯರ್‌ನ 15ನೆಯ ಸಂಪುಟದ ಎರಡನೆಯ ಭಾಗವನ್ನು ನೋಡಿರಿ. ಪೋರ್ಚುಗೀಸ್ ಮೂಲಗಳಲ್ಲಾದರೆ ‘ಸಿಂಟಾಕೋರಾ’ ಎಂದು ಹುಡುಕಬೇಕು. ಅನಂತರ ಕಾರವಾರದ ತಹಶೀಲ್ದಾರ್ ಕಚೇರಿಯಲ್ಲಿ ಕೈಬರಹದ ಪಹಣಿಗಳ ನಕಲಿಗೆ ಅರ್ಜಿ ಕೊಡಿರಿ. ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ) ಕಾಗದ ಯಾರ ಮನೆಯಲ್ಲಾದರೂ ಕಂಡರೆ, ಓದಬಲ್ಲವರು ಸಿಗುವವರೆಗೆ ಕಾಯದೆ ಫೋಟೋ ತೆಗೆದಿಡಿ. ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ, ಬೇಕಾದ ಇಸವಿಗಳು ಗೊತ್ತಾದ ಮೇಲೆ ಹೋಗುವುದು ಲೇಸು.

ಇವೆಲ್ಲಕ್ಕಿಂತ ತುರ್ತಾದದ್ದು ಹಿರಿಯರ ಮಾತು. ಸೇತುವೆ ಇಲ್ಲದಿದ್ದಾಗ ಕಾಳಿ ನದಿಯನ್ನು ದಾಟಿ ಕಾರವಾರ ಪೇಟೆಗೆ ಹೋಗುತ್ತಿದ್ದ ಬಗೆ, ಹತ್ತಾರು ಜನ ಸೇರಿ ದಡದಿಂದ ರಂಪಣಿ ಬಲೆ ಎಳೆದು ಮೀನು ಪಾಲು ಮಾಡಿಕೊಳ್ಳುತ್ತಿದ್ದ ಕ್ರಮ ಇಂಥವು ಸರಕಾರಿ ಕಡತಗಳಲ್ಲಿ ಸಿಗುವುದು ಅಪರೂಪ. ಅವರನ್ನು ಕೊಂಕಣಿಯಲ್ಲೇ ಮಾತನಾಡಿಸಿ, ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಅವರು ಹೇಳಿದ ಇಸವಿಗಳನ್ನು ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರಿನೊಂದಿಗೆ ತಾಳೆ ನೋಡಿರಿ.