ಓದುಗರ ಪ್ರಶ್ನೆ: ಕುಲುಮೆಯಲ್ಲಿ ಸಾವಿರ ಗಂಟೆ

ಪ್ರಶ್ನೆ: ಹಬೆ ಕೊಳವೆಗಳಿಗೆ ಬಳಸುವ ಶೇ 9 ಕ್ರೋಮಿಯಂ ಉಕ್ಕು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲಕ್ಷ ಗಂಟೆ ಇದ್ದರೆ ಒಳಗೆ ಹೇಗೆ ಬದಲಾಗುತ್ತದೆಂದು ತಿಳಿಯಬೇಕು. ಹನ್ನೊಂದು ವರ್ಷ ಕಾಯುವ ಬದಲು ಬಿಸಿ ಹೆಚ್ಚಿಸಿದರೆ ಸಾಕೇ?

ಉತ್ತರ: ಸ್ವಲ್ಪ ಮಟ್ಟಿಗೆ ಸಾಕು. 1952ರಲ್ಲಿ ಲಾರ್ಸನ್ ಮತ್ತು ಮಿಲ್ಲರ್ ಕೊಟ್ಟ ಲೆಕ್ಕ ಇಲ್ಲಿ ಕೈಹಿಡಿಯುತ್ತದೆ. ಗಂಟೆಗಳ ಹತ್ತರ ಆಧಾರದ ಲಾಗರಿದಮ್‌ಗೆ 20 ಕೂಡಿಸಿ, ಕೆಲ್ವಿನ್ ತಾಪಮಾನದಿಂದ ಗುಣಿಸಿ. ಒಂದು ಲಕ್ಷದ ಲಾಗರಿದಮ್ 5, 600 ಡಿಗ್ರಿ ಎಂದರೆ 873 ಕೆಲ್ವಿನ್. ಹಾಗಾಗಿ ನಿಮ್ಮ ಉಕ್ಕಿಗೆ 873ನ್ನು 25ರಿಂದ ಗುಣಿಸಿದರೆ 21,825. ಇದೇ ಸಂಖ್ಯೆ 650 ಡಿಗ್ರಿಯಲ್ಲಿ ಸುಮಾರು 4,400 ಗಂಟೆಗೆ ಬರುತ್ತದೆ, 700 ಡಿಗ್ರಿಯಲ್ಲಿ ಬರೀ 270 ಗಂಟೆಗೆ.

ಆ 270 ಗಂಟೆಯ ಆಸೆಗೆ ಬೀಳಬೇಡಿ. ಬಿಸಿ ಏರಿಸಿದಾಗ ಬದಲಾವಣೆಯ ವೇಗವಷ್ಟೇ ಅಲ್ಲ, ಯಾವ ಬದಲಾವಣೆ ನಡೆಯುತ್ತದೆ ಎಂಬುದೂ ಬೇರೆಯಾಗಬಹುದು. ಟಂಗ್‌ಸ್ಟನ್ ಬೆರೆತ ಶೇ 9 ಕ್ರೋಮಿಯಂ ಉಕ್ಕಿನಲ್ಲಿ 600ರಿಂದ 650ರ ನಡುವೆ ಲೇವ್ಸ್ ಎಂಬ ಹೊಸ ಕಣಗಳು ಹುಟ್ಟಿ ದಪ್ಪವಾಗುತ್ತವೆ. 750ಕ್ಕೆ ಏರಿಸಿದರೆ ಅವು ಹುಟ್ಟುವುದೇ ಇಲ್ಲ. ಈ ಉಕ್ಕಿನ ಟೆಂಪರಿಂಗೇ (ತಯಾರಿಸುವಾಗ ಗಡಸುತನ ತಗ್ಗಿಸಲು ಮತ್ತೆ ಕಾಯಿಸುವುದು) ಹೆಚ್ಚುಕಡಿಮೆ ಆ ಬಿಸಿಯಲ್ಲಿ ನಡೆಯುವುದರಿಂದ, ಅಲ್ಲಿ ನೀವು ಕಾಣುವುದು ಇನ್ನೊಂದು ಸುತ್ತಿನ ಟೆಂಪರಿಂಗನ್ನು ಮಾತ್ರ. 600, 625, 650 ಎಂದು ಮೂರು ಬಿಸಿಗಳಲ್ಲಿ ಇಡಿ. ಪ್ರತಿಯೊಂದರಲ್ಲೂ 30, 100, 300, 1,000, 3,000 ಗಂಟೆಗೆ ಒಂದೊಂದು ತುಂಡು ಹೊರತೆಗೆಯಿರಿ. ಸಮಾನ ಅಂತರದಲ್ಲಿ ತೆಗೆದರೆ ಆರಂಭದ ಚುರುಕಾದ ಬದಲಾವಣೆ ಕೈತಪ್ಪಿ, ಕೊನೆಯ ತುಂಡುಗಳೆಲ್ಲ ಒಂದೇ ರೀತಿ ಕಾಣುತ್ತವೆ.

ಪ್ರಶ್ನೆ: ಒಂದೇ ನಿಕಲ್ ಮಿಶ್ರಲೋಹದ ಎರಡು ತುಂಡುಗಳನ್ನು ಒಂದೇ ಕುಲುಮೆಯಲ್ಲಿ 750 ಡಿಗ್ರಿಗೆ ಅಷ್ಟೇ ಹೊತ್ತು ಇಟ್ಟೆವು. ಲೋಹದೊಳಗೆ ಹುಟ್ಟುವ ಸಣ್ಣ ಕಣಗಳ ಗಾತ್ರ ಎರಡರಲ್ಲೂ ಹೊಂದುತ್ತಿಲ್ಲ. ಯಾಕೆ?

ಉತ್ತರ: ಮೊದಲ ಅನುಮಾನ ತಾಪಮಾನದ ಮೇಲೇ ಇರಲಿ. ನಿಕಲ್-ಅಲ್ಯೂಮಿನಿಯಂನಲ್ಲಿ ಕಣ ದಪ್ಪವಾಗಲು ಬೇಕಾದ ಸಕ್ರಿಯಣ ಶಕ್ತಿ (ಬದಲಾವಣೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) ಮೋಲ್‌ಗೆ ಸುಮಾರು 270 ಕಿಲೋಜೂಲ್. ಅಂದರೆ 750ರಲ್ಲಿ ಹತ್ತು ಡಿಗ್ರಿ ಹೆಚ್ಚಾದರೂ ವೇಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಕೊಳವೆ ಕುಲುಮೆಯ ನಡುವಿಗೂ ಬಾಯಿಗೂ ಹತ್ತು ಡಿಗ್ರಿ ವ್ಯತ್ಯಾಸ ಏನೇನೂ ಅಪರೂಪವಲ್ಲ. ಖಾಲಿ ಕುಲುಮೆಯಲ್ಲಿ ಥರ್ಮೋಕಪಲ್ಲನ್ನು (ಬಿಸಿ ಅಳೆಯುವ ತಂತಿಜೋಡಿ) ಎರಡೆರಡು ಸೆಂಟಿಮೀಟರ್ ಸರಿಸುತ್ತಾ, ಪ್ರತಿ ಕಡೆ ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಿ. ಎರಡು ಡಿಗ್ರಿಯೊಳಗೆ ಸಮನಾಗಿರುವ ಜಾಗದಲ್ಲಷ್ಟೇ ತುಂಡುಗಳನ್ನಿಡಿ. ಕುಲುಮೆಯ ಡಿಸ್‌ಪ್ಲೇ ತೋರಿಸುವುದು ಅದರ ಸ್ವಂತ ಥರ್ಮೋಕಪಲ್ ಇರುವ ಜಾಗದ ಬಿಸಿ, ಆದ್ದರಿಂದ ತುಂಡಿಗೆ ತಾಗಿದಂತೆ ಇನ್ನೊಂದು ಬೇಕೇ ಬೇಕು. ಸಾವಿರಾರು ಗಂಟೆಯ ಕೆಲಸದಲ್ಲಿ ಕೆ ಮಾದರಿಯ ಥರ್ಮೋಕಪಲ್ ತೋರಿಸುವ ಅಂಕಿ ನಿಧಾನವಾಗಿ ದಾರಿ ತಪ್ಪುತ್ತದೆ. ಎನ್ ಮಾದರಿ ಹೆಚ್ಚು ಸ್ಥಿರ.

ತುಂಡುಗಳನ್ನು ಗಾಳಿಗೆ ತೆರೆದಿಟ್ಟಿದ್ದಿರಾ? ಹಾಗಿದ್ದರೆ ಮೇಲ್ಪದರದ ಅಲ್ಯೂಮಿನಿಯಂ, ಕ್ರೋಮಿಯಂ ಆಕ್ಸೈಡಿಗೆ ಹೋಗಿ, ಅಲ್ಲಿನ ಕಣಗಳು ಕರಗಿರುತ್ತವೆ. ತುಂಡನ್ನು ಅಡ್ಡ ಕೊಯ್ದು ನಡುಭಾಗವನ್ನೇ ನೋಡಿ. ಕ್ವಾರ್ಟ್ಸ್ ಕೊಳವೆಯಲ್ಲಿ ಆರ್ಗಾನ್ ತುಂಬಿ ಮುಚ್ಚುವುದು ಇನ್ನೂ ಒಳ್ಳೆಯದು. ಆದರೆ ಕೋಣೆಯ ಬಿಸಿಯಲ್ಲಿ ವಾಯುಮಂಡಲದ ಕಾಲು ಭಾಗದಷ್ಟೇ ಒತ್ತಡಕ್ಕೆ ತುಂಬಿ. 750ರಲ್ಲಿ ಅದು ಸುಮಾರು 3.4 ಪಟ್ಟಾಗುವುದರಿಂದ, ಪೂರ್ತಿ ತುಂಬಿದ ಕೊಳವೆ ಸಿಡಿಯಬಹುದು. ಹೊರತೆಗೆದೊಡನೆ ಕೊಳವೆಯನ್ನು ನೀರಿನೊಳಗೇ ಒಡೆಯಿರಿ, ಮುಖಕವಚ ಹಾಕಿಕೊಂಡು. ನಿಧಾನವಾಗಿ ತಣಿದರೆ ಹೊಸ ಸಣ್ಣ ಕಣಗಳು ಹುಟ್ಟಿ ಸರಾಸರಿಯನ್ನೇ ಕೆಡಿಸುತ್ತವೆ.

ಪ್ರಶ್ನೆ: ಕಣಗಳ ಸರಾಸರಿ ತ್ರಿಜ್ಯವನ್ನು ಕಾಲದ ಎದುರು ಗುರುತಿಸಿದರೆ ಗೆರೆ ಬಾಗುತ್ತದೆ. ಅಳತೆ ತಪ್ಪೇ?

ಉತ್ತರ: ಬಾಗಲೇಬೇಕು. ಲಿಫ್ಶಿಟ್ಸ್, ಸ್ಲ್ಯೋಜೋವ್ ಮತ್ತು ವಾಗ್ನರ್ 1961ರಲ್ಲಿ ತೋರಿಸಿದಂತೆ, ಪರಮಾಣುಗಳ ವಿಸರಣೆಯೇ ವೇಗವನ್ನು ನಿರ್ಧರಿಸುವಾಗ ಕಾಲದ ಜೊತೆ ಸರಳರೇಖೆಯಲ್ಲಿ ಏರುವುದು ತ್ರಿಜ್ಯದ ಘನ. ಅದನ್ನೇ ಗುರುತಿಸಿ. ಪ್ರತಿ ತುಂಡಿನಲ್ಲೂ ಕೆಲವು ನೂರು ಕಣಗಳನ್ನಾದರೂ ಅಳೆಯಿರಿ. ಪಾಲಿಶ್ ಮಾಡಿದ ಮುಖ ಕಣವನ್ನು ಎಲ್ಲೆಂದರಲ್ಲಿ ಕೊಯ್ದಿರುತ್ತದೆ ಎಂಬುದೂ ನೆನಪಿರಲಿ. ಒಂದೇ ಗಾತ್ರದ ಗೋಳಗಳಾದರೆ, ಕಾಣುವ ಸರಾಸರಿ ತ್ರಿಜ್ಯ ನಿಜವಾದದ್ದರ ಶೇ 79ರಷ್ಟೇ ಇರುತ್ತದೆ.