ಟೈಲ್ಸ್ ಅಂಟಿಸಿ ಆಯ್ತು, ದುಡ್ಡು ಬಂದಿಲ್ಲ

ಪ್ರಶ್ನೆ: ಸರ್, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಟೈಲ್ಸ್ ಕೆಲಸ ಮಾಡುತ್ತೇನೆ, ಲೈಸೆನ್ಸ್ ಇದೆ. ಮೇ 5ರಿಂದ ಜೂನ್ 20ರವರೆಗೆ ಒಂದು ಮನೆಯಲ್ಲಿ ಎರಡು ಬಚ್ಚಲು, ಒಂದು ಅಡುಗೆಮನೆ ಮಾಡಿದೆ. ಕೆಲಸ ಕೊಟ್ಟ ಮುಖ್ಯ ಕಂಟ್ರಾಕ್ಟರ್ ನಮ್ಮೂರ ಕಡೆಯವರೇ. 14,000 ಡಾಲರ್ ಬಾಕಿ. ಮನೆಯವರು ಅವರಿಗೆ ಪೂರ್ತಿ ಕೊಟ್ಟಿದ್ದಾರಂತೆ. ಇವರು ನೋಡಿದರೆ, ‘ಈ ಕಾಗದಕ್ಕೆ ಸಹಿ ಹಾಕು, ನಾಳೆ ಚೆಕ್ ಕೊಡ್ತೀನಿ’ ಅನ್ನುತ್ತಾರೆ. ಬೇಜಾರಾಗುತ್ತಾರೆ ಅಂತ ನಾನು ಯಾವ ನೋಟಿಸೂ ಕಳಿಸಿಲ್ಲ. ಮನೆಯ ಮೇಲೆ ಲೀನ್, ಅಂದರೆ ಬಾಕಿಗಾಗಿ ಆಸ್ತಿಯ ಮೇಲೆ ದಾಖಲಿಸುವ ಹಕ್ಕು, ಹಾಕಬಹುದಾ?

ಉತ್ತರ: ಅದು ಲೀನ್ ಹಕ್ಕು ಬಿಟ್ಟುಕೊಡುವ ಕಾಗದವೇ ಇರಬೇಕು, ಮೊದಲು ಅದರ ತಲೆಬರಹ ಓದಿ. ‘ಅನ್‌ಕಂಡಿಷನಲ್’ ಅಂತಿದ್ದರೆ ಪೆನ್ನು ಕೆಳಗಿಡಿ. ಅದಕ್ಕೆ ಸಹಿ ಹಾಕಿದರೆ ದುಡ್ಡು ಬಂತು ಅಂತ ನೀವೇ ಬರೆದುಕೊಟ್ಟಂತೆ. ‘ಕಂಡಿಷನಲ್’ ಅಂತಿದ್ದರೆ, ದುಡ್ಡು ನಿಜವಾಗಿ ಕೈಸೇರಿದ ಮೇಲಷ್ಟೇ ನಿಮ್ಮ ಹಕ್ಕು ಹೋಗುತ್ತದೆ. ಅದಕ್ಕೆ ಸಹಿ ಹಾಕಬಹುದು, ಮೊತ್ತ ಸರಿಯಿದೆಯಾ ನೋಡಿಕೊಂಡು.

ಪತ್ರಿಕೆ ಅಚ್ಚಾಗುವಷ್ಟರಲ್ಲಿ ನಿಮ್ಮ ದಿನಗಳು ಕರಗಿಹೋಗುತ್ತವೆ ಅಂತ ಇದನ್ನು ಆಗಲೇ ಇಮೇಲ್‌ನಲ್ಲಿ ಕಳಿಸಿದ್ದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗೂ ಆಗಲಿ ಅಂತ.

ಊರಲ್ಲಿ ಟೈಲರು ಹೊಲಿಗೆ ದುಡ್ಡು ಕೊಡುವ ತನಕ ಬ್ಲೌಸ್ ಕೊಡಲ್ಲ, ಅಲ್ವಾ? 1872ರ ನಮ್ಮ ಕರಾರು ಕಾಯ್ದೆಯಲ್ಲೂ ಅದಕ್ಕೆ ಜಾಗವಿದೆ. ಆದರೆ ಗೋಡೆಗೆ ಅಂಟಿಸಿದ ಟೈಲ್ಸನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಅದಕ್ಕೇ ಅಮೆರಿಕದಲ್ಲಿ ಮೆಕ್ಯಾನಿಕ್ಸ್ ಲೀನ್ ಬಂತು. ಸ್ಕೂಟರ್ ಮೆಕ್ಯಾನಿಕ್‌ಗೂ ಇದಕ್ಕೂ ಸಂಬಂಧ ಇಲ್ಲ. ಹೊಸ ರಾಜಧಾನಿ ವಾಷಿಂಗ್ಟನ್ ಕಟ್ಟಲು ಜನ ಬರಲಿ ಅಂತ ಮೇರಿಲ್ಯಾಂಡ್ ರಾಜ್ಯ 1791ರಲ್ಲೇ ಇಂಥ ಕಾನೂನು ಮಾಡಿತ್ತು. ಕ್ಯಾಲಿಫೋರ್ನಿಯಾದಲ್ಲಂತೂ ಈ ಹಕ್ಕು ರಾಜ್ಯದ ಸಂವಿಧಾನದಲ್ಲೇ ಇದೆ. ಮನೆಯವರು ಮುಖ್ಯ ಕಂಟ್ರಾಕ್ಟರಿಗೆ ಪೂರ್ತಿ ಕೊಟ್ಟಿದ್ದರೂ ನಿಮ್ಮ ಲೀನ್ ನಿಲ್ಲುತ್ತದೆ. ಪಾಪ, ಅವರು ಎರಡು ಸಲ ಕೊಡಬೇಕಾಗಿ ಬರಬಹುದು.

ಆದರೆ ಕೆಲಸ ಶುರುವಾಗಿ 20 ದಿನದೊಳಗೆ ಮನೆಯವರಿಗೆ, ಮುಖ್ಯ ಕಂಟ್ರಾಕ್ಟರಿಗೆ, ಕಟ್ಟಡಕ್ಕೆ ಸಾಲ ಕೊಟ್ಟ ಬ್ಯಾಂಕಿದ್ದರೆ ಅದಕ್ಕೂ ಪ್ರಿಲಿಮಿನರಿ ನೋಟಿಸ್ ಹೋಗಬೇಕಿತ್ತು, ಅಂದರೆ ‘ನಾನು ಇಲ್ಲಿ ಕೆಲಸ ಮಾಡುತ್ತಿದ್ದೇನೆ, ದುಡ್ಡು ಬರದಿದ್ದರೆ ಲೀನ್ ಹಾಕಬಹುದು’ ಎಂಬ ಮುನ್ಸೂಚನೆ. ತಡವಾದರೂ ಕಳಿಸಬಹುದು, ಆದರೆ ಅದು ಹಿಂದಕ್ಕೆ 20 ದಿನದ ಕೆಲಸವನ್ನಷ್ಟೇ ಹಿಡಿಯುತ್ತದೆ. ಜೂನ್ 25ಕ್ಕೆ ಅಂಚೆಗೆ ಹಾಕಿದರೆ ಜೂನ್ 5ರಿಂದ ಈಚೆಗಿನದು ಉಳಿಯುತ್ತದೆ. ಅದಕ್ಕೂ ಮುಂಚಿನ ಕೆಲಸ ಲೀನ್‌ನಿಂದ ಜಾರಿತು. ಆ ದುಡ್ಡನ್ನು ಕಂಟ್ರಾಕ್ಟರ್ ಹತ್ತಿರ ಕರಾರಿನ ಮೇಲೆ ಕೇಳಬೇಕು, ಮನೆಯ ಮೇಲಲ್ಲ. ಸರ್ಟಿಫೈಡ್ ಮೇಲ್‌ನಲ್ಲೇ ಕಳಿಸಿ, ಅಂಚೆಯ ರಸೀದಿ ಜೋಪಾನ.

ಲೀನ್ ದಾಖಲಿಸುವುದು ನಿಮ್ಮ ಅಲಮೀಡಾ ಕೌಂಟಿಯ, ಅಂದರೆ ಜಿಲ್ಲೆಯ, ಆಸ್ತಿ ದಾಖಲೆ ಇಡುವ ರೆಕಾರ್ಡರ್ ಕಚೇರಿಯಲ್ಲಿ. ಇಡೀ ಮನೆಯ ಕೆಲಸ ಮುಗಿದ 90 ದಿನದೊಳಗೆ. ಮನೆಯವರು ‘ಕೆಲಸ ಮುಗಿಯಿತು’ ಎಂಬ ನೋಟಿಸನ್ನು ಅಲ್ಲೇ ದಾಖಲಿಸಿದ್ದರೆ ನಿಮ್ಮಂಥ ಸಬ್ ಕಂಟ್ರಾಕ್ಟರುಗಳಿಗೆ ಅಲ್ಲಿಂದ 30 ದಿನ ಮಾತ್ರ. ಮುಗಿದ ದಿನ ಯಾವುದು ಎಂಬುದೇ ಎಷ್ಟೋ ಸಲ ಜಗಳ. ನೀವು ಸುಮ್ನೆ ನಿಮ್ಮ ಜೂನ್ 20ರಿಂದಲೇ ಎಣಿಸಿ, ಸೆಪ್ಟೆಂಬರ್ 18 ಬರುತ್ತದೆ. ಅಷ್ಟು ದಿನವೂ ಕಾಯಬೇಡಿ, ಆ 30 ದಿನದ ನೋಟಿಸ್ ಬಂದಿದೆಯಾ ಅಂತ ಕಚೇರಿಯಲ್ಲಿ ಈಗಲೇ ವಿಚಾರಿಸಿ. ದಾಖಲಿಸುವ ಮುನ್ನ ಲೀನ್‌ನ ಪ್ರತಿ ಮನೆಯವರಿಗೂ ಅಂಚೆಯಲ್ಲಿ ಹೋಗಬೇಕು, ಇಲ್ಲದಿದ್ದರೆ ನಡೆಯಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವುದೇ ಜಾಸ್ತಿ ಜನರ ತಪ್ಪು. ನಾನೂ ಅಂದುಕೊಂಡಿದ್ದೆ. ಆಗ ಕ್ಯಾಲಿಫೋರ್ನಿಯಾದಲ್ಲೇ ಕಟ್ಟಡದ ಮರ ಮಾರುವ ಒಂದು ಅಂಗಡಿಯಲ್ಲಿ ಉದ್ರಿ ಲೆಕ್ಕ ನೋಡುತ್ತಿದ್ದೆ. ನೋಟಿಸ್ ತಲುಪಿದ್ದಕ್ಕೆ ವಾಪಸ್ ಬರುವ ಹಸಿರು ಕಾರ್ಡುಗಳನ್ನು ಬೂಟಿನ ಡಬ್ಬಿಯಲ್ಲಿ ತಾರೀಖಿನ ಪ್ರಕಾರ ಜೋಡಿಸಿಡುವುದು ನನ್ನ ಕೆಲಸ. 6,200 ಡಾಲರಿನ ಒಂದು ಬಾಕಿಗೆ ಲೀನ್ ದಾಖಲಿಸಿ ನಿಶ್ಚಿಂತೆಯಿಂದ ಕೂತೆ. ದಾಖಲಾದ 90 ದಿನದೊಳಗೆ ಕೋರ್ಟಿನಲ್ಲಿ ದಾವೆ ಹಾಕದಿದ್ದರೆ ಲೀನ್ ಸತ್ತಂತೆ. ನನಗೆ ನೆನಪಾದದ್ದು 93ನೇ ದಿನ, ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುವಾಗ. ಮಾಲೀಕರು ಬೈಯಲಿಲ್ಲ. ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೇ ವಾಸಿಯಿತ್ತು. ಹಾಗಾಗಿ ಲೀನ್ ದಾಖಲಾದ ವಾರದಲ್ಲೇ ಅಲ್ಲಿನ ವಕೀಲರೊಬ್ಬರನ್ನು ಹಿಡಿಯಿರಿ.

ಲೈಸೆನ್ಸ್ ಇದೆ ಅಂದಿರಿ. ಅದು ಟೈಲ್ಸಿನ ಸಿ-54 ತಾನೇ, ಆ ದಿನಗಳಲ್ಲಿ ಚಾಲ್ತಿಯಲ್ಲಿತ್ತಾ, ನೋಡಿಕೊಳ್ಳಿ. ಲೈಸೆನ್ಸ್ ಇಲ್ಲದೆ ಇಷ್ಟು ದೊಡ್ಡ ಕೆಲಸ ಮಾಡಿದವರ ಬಾಕಿಯನ್ನು ಅಲ್ಲಿನ ಕೋರ್ಟು ಕೊಡಿಸುವುದಿಲ್ಲ.

ಇನ್ನು ಬೇಜಾರಿನ ವಿಷಯ. ಅಲ್ಲಿ ಈ ನೋಟಿಸ್ ಮರದ ಅಂಗಡಿಯವರಿಂದ ಹಿಡಿದು ಎಲೆಕ್ಟ್ರಿಷಿಯನ್ ತನಕ ಎಲ್ಲರೂ, ದುಡ್ಡು ಸರಿಯಾಗಿ ಬರುವಾಗಲೂ, ಕಳಿಸುವಂಥದ್ದು. ನಿಮ್ಮವರಿಗೂ ಇದು ಗೊತ್ತೇ ಇರುತ್ತದೆ. ಮುಂದಿನ ಕೆಲಸದಲ್ಲಿ ಮೊದಲ ದಿನವೇ ಹೇಳಿಬಿಡಿ: ‘ಅಣ್ಣಾ, ನಾಳೆ ನನ್ನ ನೋಟಿಸ್ ಬರುತ್ತೆ, ಎಲ್ಲರಿಗೂ ಕಳಿಸ್ತೀನಿ, ನಿಮಗೂ ಕಳಿಸ್ತಿದೀನಿ.’